ಸಾಲಿಗೆ ಏಳು ನಿಲುಗಡೆ

೧೪ ನವೆಂಬರ ೧೯೪೫, ಬುಧವಾರ

ಇವತ್ತು ಮಾಲಕರು ಶಿವಶರಣಪ್ಪನವರು ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಒಂದು ಲಗ್ನಪತ್ರಿಕೆ ಕೈಗೆ ಕೊಟ್ಟರು. ಓದಿದೆ. ಚೆನ್ನಾಗಿಯೇ ಇತ್ತು. "ಇನ್ನೊಮ್ಮೆ ಓದ್ರಿ" ಎಂದರು. ಇನ್ನೊಮ್ಮೆ ಓದಿದರೂ ಚೆನ್ನಾಗಿಯೇ ಇತ್ತು. ಕಡೆಗೆ ಅವರೇ ಬೆರಳಿಟ್ಟು ತೋರಿಸಿದರು. 'ವಧು-ವರರನ್ನು ಆಶೀರ್ವದಿಸಬೇಕು' ಎಂದಿರಬೇಕಾದಲ್ಲಿ 'ವಧ-ವರರನ್ನು' ಎಂದು ಅಚ್ಚಾಗಿದೆ. ಒಂದೇ ಒಂದು ಕೊಂಬು ಇಲ್ಲ. ಮುನ್ನೂರು ಪ್ರತಿ ಬಬಲೇಶ್ವರದ ಸುತ್ತಮುತ್ತ ಹಂಚಿಹೋಗಿವೆ. ಹುಡುಗಿಯ ಅಪ್ಪ ಬಂದು ಮಾಲಕರ ಎದುರು ಕುಳಿತು ಅತ್ತನಂತೆ.

"ಹೊಸ ವರ್ಷದ ಕ್ಯಾಲೆಂಡರ್ ಬರಾಕತ್ತೈತಿ ಗುರುಪಾದಯ್ಯಾರ. ಎರಡ ಸಾವಿರ ಪ್ರತಿ," ಎಂದರು. "ಅದರಾಗ ಒಂದ ತಪ್ಪ ಹೊರಗ ಬಿದ್ರೂ ಪ್ರೂಫ್ ನೋಡಾಕ ಸೊಲ್ಲಾಪುರದಿಂದ ಬ್ಯಾರೆ ಮಂದೀನ ಕರಸ್ತೀನಿ. ಸಿಟ್ಟಾಗಬ್ಯಾಡ್ರಿ."

ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಇವತ್ತೇ ಕಳಿಸಿಬಿಡುತ್ತಿದ್ದೆ. ಇಪ್ಪತ್ತೆರಡು ವರ್ಷ ಈ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದ್ದೇನೆ. ವಯಸ್ಸು ಐವತ್ತೊಂದು. ಈ ಕೆಲಸ ಬಿಟ್ಟರೆ ನನ್ನ ಹತ್ತಿರ ಬೇರೇನೂ ಇಲ್ಲ.

ಸ್ಟೇಷನ್ ರಸ್ತೆಯಲ್ಲಿ ನಡೆದು ಬರುವಾಗ ಹೊಸ ಚಹಾದ ಅಂಗಡಿಯ ಮೇಲೆ 'ಉಪಹಾರ ಗ್ರಹ' ಎಂಬ ಬೋರ್ಡು. ರಸ್ತೆಯ ಆಚೆಯಿಂದಲೇ ಕಂಡಿತು. ಊರಿನವರ ತಪ್ಪೆಲ್ಲ ಕಾಣುತ್ತದೆ, ನನ್ನ ಮೇಜಿನ ಮೇಲಿನದು ಕಾಣುವುದಿಲ್ಲ. ಹೋದ ವರ್ಷವಷ್ಟೇ ಚಾಳೀಸು ಬದಲಿಸಿದ್ದೇನೆ. ಕಣ್ಣಿನಲ್ಲಿ ದೋಷವಿಲ್ಲ ಎಂದು ಡಾಕ್ಟರರೇ ಹೇಳಿದ್ದಾರೆ. ಹಾಗಾದರೆ ಏನಾಗಿದೆ?

೧೭ ನವೆಂಬರ, ಶನಿವಾರ

ಪಕ್ಕದ ಖೋಲಿಗೆ ಬಂದ ಸಂಗಣ್ಣ ಬಬಲೇಶ್ವರದವನು. ಮೂರು ವರ್ಷ ಮಿಲಿಟರಿ ಲಾರಿ ಓಡಿಸಿ, ಲಡಾಯಿ ಮುಗಿದ ಮೇಲೆ ಬಂದು ಮಂದಿ ಒಯ್ಯುವ ಸರ್ವಿಸ್ ಮೋಟಾರಿನ ಡ್ರೈವರ್ ಆಗಿದ್ದಾನೆ. ವಿಜಾಪುರದಿಂದ ಬಬಲೇಶ್ವರ, ಮತ್ತೆ ವಿಜಾಪುರ, ಮತ್ತೆ ತಿಕೋಟಾ, ಇಷ್ಟು ಅವನ ದಿನ. ನಮ್ಮ ಇಬ್ರಾಹಿಂಪುರ ಓಣಿಯಲ್ಲಿ ಗೋಡೆಯ ಹಿಂದೆಯೇ ರೈಲು ಹೋಗುತ್ತದೆ, ಅವನು ಅದಕ್ಕಿಂತ ಜೋರಾಗಿ ಮಾತಾಡುತ್ತಾನೆ. ಅವನ ಮಾತನ್ನು ಅವನು ಆಡಿದ ಹಾಗೆಯೇ ಬರೆಯುತ್ತೇನೆ. ತಿದ್ದಲು ಕುಳಿತರೆ ವರ್ಷ ಸಾಲದು.

ಇವತ್ತು ಸಂಜೆ ಬಾಗಿಲಲ್ಲಿ ನಿಂತು, "ಅಯ್ಯಾರ, ಕಾಪಿ ಐತಿ, ಕೊಡ್ಲೇನು?" ಎಂದ.

ಪ್ರೆಸ್ಸಿನಲ್ಲಿ ಅಚ್ಚಿಗೆ ಬರುವ ಹಸ್ತಪ್ರತಿಗೆ ನಾವು ಕಾಪಿ ಎನ್ನುತ್ತೇವೆ. ನಾನು ಕೈ ಚಾಚಿ, "ಎಷ್ಟು ಹಾಳಿ?" ಎಂದೆ.

"ಹಾಳಿ ಅಲ್ರಿ, ಡಬ್ಬಿ."

ಅದು ಕುಡಿಯುವ ಕಾಫಿ. ಮಿಲಿಟರಿಯಿಂದ ಮೂರು ಡಬ್ಬಿ ತಂದಿದ್ದಾನೆ. ಫ ಮಹಾಪ್ರಾಣ, ಕಾಪಿ ಅಲ್ಲ ಕಾಫಿ ಎಂದು ತಿದ್ದಿದೆ. "ಕುಡ್ಯಾಕ ಪ್ರಾಣ ಯಾವ್ದಾದ್ರೇನ್ರಿ" ಎಂದು ನಕ್ಕ.

ಅರಿವೆಯಲ್ಲಿ ಸೋಸಿ, ಎಮ್ಮೆಯ ಹಾಲು ಬೆಲ್ಲ ಹಾಕಿ ಕೊಟ್ಟ. ಸುಟ್ಟ ಜೋಳದ ನೀರಿನ ಹಾಗಿತ್ತು. ಆದರೆ ಕುಡಿಯುತ್ತ ಅವನು ಹೇಳಿದ ಸುದ್ದಿ ಮಾತ್ರ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಮಿಲಿಟರಿಯ ಡಾಕ್ಟರನೊಬ್ಬ ಡ್ರೈವರುಗಳಿಗೆ ಕಾಫಿ ಕುಡಿಸಿ, ಕುಡಿಯುವ ಮೊದಲು ಒಮ್ಮೆ, ಕುಡಿದ ಮೇಲೆ ಒಮ್ಮೆ, ಅವರ ಕಣ್ಣು ಮತ್ತು ಕೈ ಎಷ್ಟು ಚುರುಕಾಗಿವೆ ಎಂದು ಅಳೆಯುತ್ತಿದ್ದನಂತೆ.

"ಫರಕ್ ಬಿತ್ತೇನು?" ಎಂದು ಕೇಳಿದೆ.

"ಬೀಳದ ಏನ್ರಿ. ಕುಡದ ಮ್ಯಾಲ ರಸ್ತಾದಾಗಿನ ಹಳ್ಳನೂ ಕಾಣ್ತಿತ್ತು, ಹಳ್ಳದಾಗಿನ ಕಪ್ಪೀನೂ ಕಾಣ್ತಿತ್ತು."

೧೮ ನವೆಂಬರ, ರವಿವಾರ

ಪರೀಕ್ಷೆ ಸರಳವಾಗಿದೆ. ಹನ್ನೆರಡು ಇಂಚಿನ ಫೂಟುಪಟ್ಟಿಯನ್ನು ಸಂಗಣ್ಣ ಮೇಲಿನ ತುದಿಯಲ್ಲಿ ಹಿಡಿಯುತ್ತಾನೆ. ಕೆಳಗೆ ನನ್ನ ಹೆಬ್ಬೆರಳು ತೋರುಬೆರಳು ಮುಟ್ಟಿಯೂ ಮುಟ್ಟದ ಹಾಗೆ ಕಾಯುತ್ತವೆ. ಅವನು ಹೇಳದೆ ಕೇಳದೆ ಪಟ್ಟಿ ಬಿಡುತ್ತಾನೆ, ಬಿಟ್ಟದ್ದು ಕಂಡ ಕೂಡಲೆ ನಾನು ಹಿಡಿಯಬೇಕು. ಎಷ್ಟನೆಯ ಇಂಚಿನಲ್ಲಿ ಹಿಡಿದೆ ಎಂಬುದೇ ಗುಣ. ಕಡಿಮೆ ಇಂಚಾದಷ್ಟೂ ಒಳ್ಳೆಯದು.

ಕಾಫಿ ಇಲ್ಲದೆ, ಹತ್ತು ಸಲಕ್ಕೆ ಸರಾಸರಿ ಹತ್ತೂವರೆ ಇಂಚು. ಎರಡು ಸಲ ಪಟ್ಟಿ ನೆಲಕ್ಕೇ ಬಿತ್ತು. ಕಾಫಿ ಕುಡಿದು ಮುಕ್ಕಾಲು ತಾಸಿನ ಮೇಲೆ ಎಂಟೂಕಾಲು.

ಎರಡೂಕಾಲು ಇಂಚು ನನ್ನ ಕೈಗೆ ಮರಳಿ ಬಂತು. ಬಹಳ ದಿನದ ಮೇಲೆ ನಕ್ಕೆ.

೨೫ ನವೆಂಬರ, ರವಿವಾರ

ಇವತ್ತು ಕಣ್ಣಿನ ಪರೀಕ್ಷೆ. ಇದೂ ಅದೇ ಡಾಕ್ಟರನ ಯುಕ್ತಿ. ಅಚ್ಚಾದ ಹಾಳೆಯ ನಡುವೆ ಸಣ್ಣ ತೂತು ಮಾಡಿ, ನಾನು ಈ ಕಡೆಯಿಂದ ಓದಬೇಕು. ಆ ಕಡೆಯಿಂದ ಸಂಗಣ್ಣ ತೂತಿಗೆ ಕಣ್ಣಿಟ್ಟು ನನ್ನ ಕಣ್ಣು ನೋಡಬೇಕು. ಓದುವಾಗ ಕಣ್ಣು ಹೊಳೆಯ ಹಾಗೆ ಹರಿಯುತ್ತದೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಹಾಗಿಲ್ಲವಂತೆ. ಜಿಗಿಯುತ್ತದೆ, ನಿಲ್ಲುತ್ತದೆ, ಜಿಗಿಯುತ್ತದೆ. ನಿಂತಾಗ ಮಾತ್ರ ಅಕ್ಷರ ಕಾಣುತ್ತದೆ, ಜಿಗಿಯುವಾಗ ಕಣ್ಣು ಕುರುಡು.

ಹಾಳೆ ಒಂದು ಮಠದ ದೇಣಿಗೆದಾರರ ಪಟ್ಟಿಯ ಹಳೆಯ ಪ್ರೂಫು. ಸಂಗಣ್ಣ ನೆಲಕ್ಕೆ ಕುಳಿತು ಬೆರಳು ಮಡಚಿ ಎಣಿಸಿದ. ಕಾಫಿ ಇಲ್ಲದೆ ಸಾಲಿಗೆ ಹನ್ನೊಂದು ನಿಲುಗಡೆ. ಕಾಫಿ ಕುಡಿದು ಏಳು.

"ಆದ್ರ ಅಯ್ಯಾರ, ಒಂದ ಕಡೆ ನಿಮ್ಮ ಕಣ್ಣ ನಿಂದರ್ತಾವ ನೋಡ್ರಿ. ಕುಡಿಯೂಕಿಂತ ಮೊದಲೂ ನಿಂತ್ವು, ಕುಡದ ಮ್ಯಾಲೂ ನಿಂತ್ವು. ಎತ್ತ ಕೆಸರಿನ್ಯಾಗ ನಿಂತಂಗ."

ಎಲ್ಲಿ ಎಂದು ಕೇಳಿದೆ. ಅವನಿಗೆ ಓದು ಅಷ್ಟಕ್ಕಷ್ಟೆ, ಬೆರಳಿಟ್ಟು ತೋರಿಸಿದ. ಆರನೆಯ ಸಾಲು, ಎರಡನೆಯ ಹೆಸರು, ಗುರುಬಸವ್ವ. ಅಲ್ಲಿ 'ರು'ವಿನ ಅಚ್ಚಿನ ಮೊಳೆ ಸವೆದಿದೆ. ಸವೆದ ಮೊಳೆ ಕಂಡರೆ ನನ್ನ ಕಣ್ಣು ನಿಲ್ಲುವುದು ಸಹಜ.

೨೯ ನವೆಂಬರ, ಗುರುವಾರ

ಬೆಳಿಗ್ಗೆ ಒಂದು ಲೋಟ ಮನೆಯಲ್ಲಿ. ಇನ್ನೊಂದು ಸೀಸೆಗೆ ತುಂಬಿಕೊಂಡು ಹೋಗಿ ಹನ್ನೊಂದಕ್ಕೆ. ಸಹಕಾರಿ ಸಂಘದ ವರದಿ, ಮೂವತ್ತೆರಡು ಪುಟ, ಒಂದೇ ದಿನದಲ್ಲಿ ಮುಗಿಸಿದೆ. ಮೊದಲಾಗಿದ್ದರೆ ಎರಡು ದಿನ. ಮೊಳೆ ಜೋಡಿಸುವ ಮಶಾಕಸಾಬ, "ಅಯ್ಯಾರ, ಇವತ್ತ ನಿಮ್ಮ ಪೆನ್ನಿಗೆ ಏನ ಆಗೇತ್ರಿ, ನನ್ನ ಕೈಗೆ ಪುರಸತ್ತ ಇಲ್ಲ" ಎಂದ. ಮಾಲಕರು ಹೋಗುವಾಗ ನನ್ನ ಮೇಜಿನ ಹತ್ತಿರ ಒಂದು ಕ್ಷಣ ನಿಂತು ಹೋದರು. ಅವರು ಹಾಗೆ ನಿಂತದ್ದು ಹೊಗಳಿಕೆಯೇ.

ಪ್ರೆಸ್ಸಿನಲ್ಲಿ ಕಾಫಿಯ ವಿಷಯ ಯಾರಿಗೂ ಹೇಳಿಲ್ಲ. ಹೇಳಿದರೆ ಕಣ್ಣು ಹೋಗಿದೆ ಎಂದು ನಾನೇ ಡಂಗುರ ಹೊಡೆಸಿದಂತೆ.

ಸಂಗಣ್ಣ ಇವತ್ತು, "ಅವ್ವಾರು ಎಲ್ಲ್ಯದಾರ್ರಿ?" ಎಂದು ಕೇಳಿದ. ನನ್ನ ಹೆಂಡತಿಯನ್ನು ಕೇಳಿದ್ದು. ತವರಿನಲ್ಲಿ, ಕಳ್ಳಕವಟಗಿಯಲ್ಲಿ ಎಂದೆ. ಅವಳ ತಮ್ಮ ಬಸಲಿಂಗಯ್ಯನ ಹೆಂಡತಿ ಹಾಸಿಗೆ ಹಿಡಿದಾಗ ಹದಿನೈದು ದಿನಕ್ಕೆಂದು ಹೋದವಳು. ಅವರ ಮನೆಯಲ್ಲಿ ಸಣ್ಣ ಮಕ್ಕಳು. ಎರಡೂವರೆ ವರ್ಷವಾಯಿತು. ನಡುವೆ ನಾಲ್ಕು ಪತ್ರ ಬರೆದಳು. ಅಕ್ಷರ ಕಲಿಸಿದವನು ನಾನೇ, ಆದರೆ ದೀರ್ಘ, ಕೊಂಬು, ಒತ್ತು ಒಂದೂ ತನ್ನ ಜಾಗದಲ್ಲಿ ಇರುತ್ತಿರಲಿಲ್ಲ. ಕೆಂಪು ಶಾಯಿಯಲ್ಲಿ ತಿದ್ದಿ, ಅಂಚಿನಲ್ಲಿ ಗುರುತು ಹಾಕಿ, ಅದೇ ಪತ್ರಗಳನ್ನು ತಿರುಗಿ ಕಳಿಸಿದೆ. ಕಲಿಯಲಿ ಎಂದು. ನಾಲ್ಕನೆಯದರಲ್ಲಿ ಇಪ್ಪತ್ತಾರು ತಪ್ಪು. ಅದರಲ್ಲಿ ಏನು ಬರೆದಿದ್ದಳು ಎಂಬುದು ಈಗ ನೆನಪಿಲ್ಲ, ತಪ್ಪುಗಳು ನೆನಪಿವೆ. ಐದನೆಯ ಪತ್ರ ಬರಲಿಲ್ಲ.

ಬರೆಯಬೇಕಾದವಳು ಅವಳು. ನಾನು ಪ್ರತಿಯೊಂದಕ್ಕೂ ಉತ್ತರ ಕೊಟ್ಟಿದ್ದೇನೆ.

೪ ಡಿಸೆಂಬರ, ಮಂಗಳವಾರ

ಕ್ಯಾಲೆಂಡರಿನ ಕಾಪಿ ಬಂತು. ಮಹಾಪ್ರಾಣ ಬೇಡದ ಕಾಪಿ. ಹನ್ನೆರಡು ಹಾಳೆ, ಸಾಲಿಗೆ ಏಳು ಮನೆ, ಮನೆಗೊಂದು ತಾರೀಖು, ತಿಥಿ, ನಕ್ಷತ್ರ, ಹಬ್ಬವಿದ್ದರೆ ಹಬ್ಬ. ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಇದರಲ್ಲಿ ನನ್ನ ಹಣೆಬರಹವಿದೆ.

ಕಾಫಿ ಈಗ ದಿನಕ್ಕೆ ನಾಲ್ಕು ಲೋಟ. ಪಟ್ಟಿ ಏಳೂವರೆ ಇಂಚಿಗೆ ಸಿಗುತ್ತಿದೆ. ಎದೆ ಒಂದಿಷ್ಟು ಡವಡವ ಎನ್ನುತ್ತದೆ, ಕೈ ಸಣ್ಣಗೆ ನಡುಗುತ್ತದೆ. ನಿದ್ದೆ ಕಡಿಮೆಯಾಗಿದೆ. ಒಬ್ಬನೇ ಇರುವವನು ನಿದ್ದೆ ಮಾಡಿ ಸಾಧಿಸುವುದಾದರೂ ಏನು.

೮ ಡಿಸೆಂಬರ, ಶನಿವಾರ

ಸಂಗಣ್ಣ ಹೊರಟ. ಮೋಟಾರಿನ ರಾತ್ರಿ ವಸ್ತಿ ಇನ್ನು ಮೇಲೆ ಬಬಲೇಶ್ವರದಲ್ಲಂತೆ, ಖೋಲಿ ಖಾಲಿ ಮಾಡಿದ. ಉಳಿದ ಒಂದೂವರೆ ಡಬ್ಬಿ ಕಾಫಿ ಕೊಟ್ಟು, "ಅಯ್ಯಾರ, ಇದನ್ನ ಔಷಧದಂಗ ಕುಡೀರಿ, ನೀರಿನಂಗ ಕುಡೀಬ್ಯಾಡ್ರಿ" ಎಂದ. ಬಬಲೇಶ್ವರಕ್ಕೆ ಬಂದರೆ ಮನೆಗೆ ಬರಲೇಬೇಕು ಎಂದೂ ಹೇಳಿದ. ನನಗೆ ಬಬಲೇಶ್ವರದಲ್ಲಿ ಏನು ಕೆಲಸ?

೯ ಡಿಸೆಂಬರ, ರವಿವಾರ

ಪಟ್ಟಿ ಬಿಡಲು ಯಾರೂ ಇಲ್ಲ.

ಎಡಗೈಯಿಂದ ಬಿಟ್ಟು ಬಲಗೈಯಿಂದ ಹಿಡಿದು ನೋಡಿದೆ. ಎರಡು ಇಂಚಿಗೇ ಸಿಕ್ಕಿತು. ಮತ್ತೆ ನೋಡಿದೆ, ಒಂದೂವರೆ. ಇದು ಪರೀಕ್ಷೆಯಲ್ಲ. ಎಡಗೈ ಬಿಡುವ ಮೊದಲೇ ಬಲಗೈಗೆ ಗೊತ್ತಾಗಿರುತ್ತದೆ. ಪಟ್ಟಿಯನ್ನು ದಾರದಿಂದ ತೊಲೆಗೆ ಕಟ್ಟಿ, ದಾರಕ್ಕೆ ಕಡ್ಡಿ ಗೀರಿ ಬೆಂಕಿ ಹಚ್ಚಿ ಕಾದು ಕುಳಿತೆ. ದಾರ ಹರಿಯುವ ಹೊತ್ತಿಗೆ ಬೀದಿಯಲ್ಲಿ ಯಾರೋ 'ಅಯ್ಯಾರ' ಎಂದು ಕರೆದ ಹಾಗಾಗಿ ಬಾಗಿಲ ಕಡೆ ತಿರುಗಿದೆ. ಪಟ್ಟಿ ಬಿತ್ತು. ಯಾರೂ ಕರೆದಿರಲಿಲ್ಲ.

ಎಷ್ಟು ಇಂಚು ಎಂದು ಬರೆಯುವುದು?

೧೩ ಡಿಸೆಂಬರ, ಗುರುವಾರ

ಐದು ಲೋಟ. ನಿನ್ನೆ ಪ್ರೆಸ್ಸಿನಿಂದ ಬಂದು ಇವತ್ತು ಪ್ರೆಸ್ಸಿಗೆ ಹೋಗುವವರೆಗೆ ಯಾರೊಡನೆಯೂ ಒಂದು ಮಾತೂ ಆಡಿಲ್ಲ. ಹಾಲಿನವಳು ಹಾಲು ಹಾಕಿ ಹೋದಳು, ಅವಳೂ ಮಾತಾಡಲಿಲ್ಲ.

೧೭ ಡಿಸೆಂಬರ, ಸೋಮವಾರ

ಕ್ಯಾಲೆಂಡರಿನ ಕೊನೆಯ ಪ್ರೂಫು ಇವತ್ತು. ಆರು ಲೋಟ ಕುಡಿದು ಕುಳಿತೆ. ಹನ್ನೆರಡು ಹಾಳೆಗೆ ಒಂದು ತಾಸು ಹತ್ತು ಮಿನಿಟು. ಜನೇವರಿಯ ಹಾಳೆ ನಾಲ್ಕೇ ಮಿನಿಟು. ಇಂಥ ಕಣ್ಣು ನನಗೆ ಇಪ್ಪತ್ತೈದರ ಹರೆಯದಲ್ಲೂ ಇರಲಿಲ್ಲ. ಸಾಲಿನಿಂದ ಸಾಲಿಗೆ ಬೀಸುಗಾಲಲ್ಲಿ ನಡೆಯಿತು. ಹದಿನಾಲ್ಕು ತಪ್ಪು ಹಿಡಿದೆ. ಮಶಾಕಸಾಬ ತಿದ್ದಿ ತಂದ, ಹದಿನಾಲ್ಕನ್ನೂ ನೋಡಿದೆ, ಸಹಿ ಹಾಕಿದೆ.

ಮಾಲಕರು, "ಮತ್ತೊಮ್ಮೆ ನೋಡ್ತೀರೇನು?" ಎಂದರು.

"ಬ್ಯಾಡ್ರಿ. ತಪ್ಪಿಲ್ಲ" ಎಂದೆ.

ಮಷಿನ್ ಶುರುವಾಯಿತು.

೨೧ ಡಿಸೆಂಬರ, ಶುಕ್ರವಾರ

ಎರಡು ಸಾವಿರವೂ ಮುಗಿದವು, ಹಂಚಿಕೆ ನಡೆದಿದೆ. ನಾನೂ ಒಂದು ಪ್ರತಿ ಕೇಳಿ ಪಡೆದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ನೋಡಿದೆ. ಚೆನ್ನಾಗಿ ಕಂಡಿತು. ಆದರೆ ನೋಡಲು ಮನೆಯಲ್ಲಿ ನಾನೊಬ್ಬನೇ. ಇಳಿಸಿ, ಸುರುಳಿ ಸುತ್ತಿ, ಸ್ಟೇಷನ್ ಹತ್ತಿರ ಸಂಗಣ್ಣನ ಮೋಟಾರು ಹಿಡಿದು, ತಿಕೋಟಾದಿಂದ ಯಾರ ಕೈಯಲ್ಲಾದರೂ ಕಳ್ಳಕವಟಗಿಗೆ ಮುಟ್ಟಿಸು ಎಂದು ಕೊಟ್ಟೆ.

"ಚೀಟಿ ಗೀಟಿ ಇಲ್ಲೇನ್ರಿ?" ಎಂದ.

ಅವನ ಎದುರಿಗೇ ಹಿಂದುಗಡೆ ಬರೆದೆ. 'ಇದರಲ್ಲಿ ಒಂದೂ ತಪ್ಪಿಲ್ಲ. ಗು.'

ಸಂಗಣ್ಣ ಅದನ್ನು ಓದಿಸಿಕೊಂಡು, ಸುರುಳಿಯನ್ನು ಕಂಕುಳಲ್ಲಿ ಹಿಡಿದು ಮೋಟಾರು ಹತ್ತಿದ.

೨೯ ಡಿಸೆಂಬರ, ಶನಿವಾರ

ತಪ್ಪಿದೆ.

ತಿಕೋಟಾದ ರೈತನೊಬ್ಬ ಕ್ಯಾಲೆಂಡರ್ ಹಿಡಿದು ಪ್ರೆಸ್ಸಿಗೇ ಬಂದ. ಜಗಳಕ್ಕಲ್ಲ, ಮೋಜಿಗೆ. "ಈ ಸಲ ಎಳ್ಳಮಾಸಿ ನಿಮ್ಮ ಪ್ರೆಸ್ಸಿಗೆ ಒಂದ ದಿನ ಮೊದಲ ಬಂದೈತಲ್ರಿ" ಎಂದು ಎಲ್ಲರ ಎದುರು ನಕ್ಕ. ಜನೇವರಿ ಮೂರು, ಗುರುವಾರ, ಅಮಾವಾಸ್ಯೆಯ ಕಪ್ಪು ಚುಕ್ಕೆ ತನ್ನ ಜಾಗದಲ್ಲೇ ಇದೆ. 'ಎಳ್ಳಮಾವಾಸ್ಯೆ' ಎಂಬ ಅಕ್ಷರ ಮಾತ್ರ ಪಕ್ಕದ ಮನೆಯಲ್ಲಿ, ಎರಡನೆಯ ತಾರೀಖು ಬುಧವಾರದಲ್ಲಿ ಕುಳಿತಿದೆ. ಮಾಲಕರು ಕಾಪಿ ತೆಗೆಸಿ ನೋಡಿದರು. ಅದರಲ್ಲಿ ಸರಿ ಇದೆ.

ಅಂದರೆ ಏಳು ಮನೆಯ ಸಾಲಿನಲ್ಲಿ ನನ್ನ ಕಣ್ಣು ಮೂರೋ ನಾಲ್ಕೋ ಕಡೆ ನಿಂತಿದೆ. ನಡುವಿನ ಮನೆಗಳನ್ನು ಹಾರಿದೆ. ನಿಂತಾಗ ಮಾತ್ರ ಕಾಣುತ್ತದೆ ಎಂದು ಒಂದು ತಿಂಗಳ ಹಿಂದೆ ಇದೇ ವಹಿಯಲ್ಲಿ ನಾನೇ ಬರೆದಿದ್ದೇನೆ. ಏಳು ನಿಲುಗಡೆ ಎಂದು ಬೀಗಿದೆ, ಆಮೇಲೆ ಎಣಿಸಲು ಯಾರೂ ಇರಲಿಲ್ಲ.

ಮಶಾಕಸಾಬ ಎದ್ದು ನಿಂತು, "ತಪ್ಪ ನಂದರಿ ಮಾಲಕರ. ಮೊಳಿ ಇಟ್ಟಾವ ನಾನು" ಎಂದ. ಹೆಂಡತಿ ಮಕ್ಕಳಿರುವವನು. ಕೈ ಹಿಡಿದು ಕೂರಿಸಿದೆ.

೩೧ ಡಿಸೆಂಬರ, ಸೋಮವಾರ

ಮಾಲಕರು ಕೂಗಾಡಲಿಲ್ಲ. "ಇಪ್ಪತ್ತೆರಡ ವರ್ಷದ ಮಂದಿ ನೀವು. ಹೊರಗ ಹಾಕಂಗಿಲ್ಲ. ಹಾಳಿ ಮಡಚೂ ಕಡೆ ಕೂಡ್ರಿ. ಪ್ರೂಫ್ ಮಾತ್ರ ಇನ್ನ ಬ್ಯಾಡ" ಎಂದರು.

ಹಾಳೆ ಮಡಚಲು ಕಣ್ಣು ಬೇಕಿಲ್ಲ, ಕೈ ಸಾಕು. ಮೇಜಿನ ಖಾನೆ ಖಾಲಿ ಮಾಡಿ ಕೊಟ್ಟೆ. ಕೆಂಪು ಶಾಯಿಯ ಪೆನ್ನು ನನ್ನದೇ, ಅದನ್ನಷ್ಟು ತಂದೆ. ದಾರಿಯುದ್ದಕ್ಕೂ ಅಳು ಬರುತ್ತದೇನೋ ಎಂದು ಹೆದರಿಕೊಂಡು ನಡೆದೆ. ಬಾಗಿಲು ಹಾಕಿಕೊಂಡ ಮೇಲೆ ಬಂತು.

ಕಾಫಿಯ ಡಬ್ಬಿಯಲ್ಲಿ ಇನ್ನೂ ಅರ್ಧ ಇದೆ. ಇವತ್ತು ಕುಡಿಯಲಿಲ್ಲ. ತಲೆ ಸಿಡಿಯುತ್ತಿದೆ.

೨ ಜನೇವರಿ ೧೯೪೬, ಬುಧವಾರ

ಮುನ್ನೂರು ಹಾಳೆ ಮಡಚಿದೆ. ಇವತ್ತಿನ ಮನೆಯಲ್ಲಿ ನನ್ನ ಎಳ್ಳಮಾವಾಸ್ಯೆ. ಎರಡು ಸಾವಿರ ಮನೆಯವರು ನೋಡಿ ನಕ್ಕಿರುತ್ತಾರೆ. ಅಮಾವಾಸ್ಯೆ ಯಾವಾಗ ಎಂದು ರೈತರಿಗೆ ಕ್ಯಾಲೆಂಡರ್ ಹೇಳಬೇಕಿಲ್ಲ, ಯಾರೂ ಮೋಸ ಹೋಗುವುದಿಲ್ಲ. ಆದರೆ ಕಳ್ಳಕವಟಗಿಯ 'ಒಂದೂ ತಪ್ಪಿಲ್ಲ' ಎಂಬ ಪ್ರತಿ ಕಣ್ಣಿಗೆ ಕಟ್ಟಿದೆ. ಉಳಿದವನ್ನು ಏನೂ ಮಾಡಲಾಗದು. ಅದೊಂದನ್ನಾದರೂ ತಿದ್ದಬೇಕು. ನಾಳೆ ಪ್ರೆಸ್ಸಿಗೆ ರಜೆ.

೪ ಜನೇವರಿ, ಶುಕ್ರವಾರ. ತಿಕೋಟಾ, ಮೋಟಾರು ಕಾಯುತ್ತ

ನಿನ್ನೆ ಬೆಳಗಿನ ಮೋಟಾರಿಗೆ ತಿಕೋಟಾಕ್ಕೆ ಬಂದು, ಅಲ್ಲಿಂದ ಒಂದು ಚಕ್ಕಡಿಯಲ್ಲಿ ಕುಳಿತು ಕಳ್ಳಕವಟಗಿಗೆ ಹೋದೆ. ದಾರಿಯಲ್ಲಿ ಸಿಕ್ಕ ಚಕ್ಕಡಿಗಳೆಲ್ಲ ಹೊಲಕ್ಕೆ ಹೊರಟಿದ್ದವು, ತುಂಬ ಹೆಂಗಸರು ಮಕ್ಕಳು, ಬುಟ್ಟಿಗಳ ಮೇಲೆ ಬಿಳಿ ಅರಿವೆ. ಎಳ್ಳಮಾವಾಸ್ಯೆಯ ದಿನ ಮನೆಗೆ ಮನೆಯೇ ಹೊಲಕ್ಕೆ ಹೋಗುತ್ತದೆ. ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು ಪೂಜೆ ಮಾಡಿ, ಕಡುಬು ಭಜ್ಜಿ ಕಲಸಿದ ಚರಗವನ್ನು ಭೂಮಿತಾಯಿಗೆಂದು ಬೆಳೆಯಲ್ಲಿ ಚೆಲ್ಲಿ, ಆಮೇಲೆ ಎಲ್ಲರೂ ಕುಳಿತು ಊಟ ಮಾಡುತ್ತಾರೆ. ಒಬ್ಬರು ಮುಂದೆ ಕೂಗುತ್ತ ಚರಗ ಚೆಲ್ಲಿದರೆ, ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಕೂಗಿಗೆ ಓಗೊಡಬೇಕು. ಒಬ್ಬರಿಂದ ಆಗುವ ಕೆಲಸವಲ್ಲ.

ಬಸಲಿಂಗಯ್ಯ ಕಟ್ಟೆಯ ಮೇಲೆ ಎತ್ತಿನ ಹಗ್ಗ ಸರಿಮಾಡುತ್ತಿದ್ದ. ನನ್ನನ್ನು ನೋಡಿ ಎದ್ದು, ಕಾಲಿಗೆ ನೀರು ಕೊಟ್ಟು, ಆಮೇಲೆ ನಗಬೇಕೋ ಬೈಯಬೇಕೋ ತಿಳಿಯದವನ ಹಾಗೆ ನಿಂತ.

"ಮಾವಾರ, ಊರಿಗೆಲ್ಲಾ ತಿಥಿ ಹೇಳಾವ ನಾನು," ಎಂದ. "ಮೊನ್ನಿಂದ ಹೇಳೇನಿ, ಅಮಾಸಿ ಬುಧವಾರ ಅಲ್ಲಬೇ ಅಕ್ಕಾ, ಗುರುವಾರ ಐತಿ ಅಂತ. ಊರ ಮಂದಿನೂ ಹೇಳಿದ್ರು. ಯಾರ ಮಾತೂ ಕೇಳಲಿಲ್ಲ. ನಿನ್ನೆ ನಸಿಕಿನ್ಯಾಗ ಎದ್ದು ಅಡಿಗಿ ಮಾಡಿ, ಬುಟ್ಟಿ ಹೊತಗೊಂಡು ಒಬ್ಬಾಕೀನ ಹೊಲಕ್ಕ ಹ್ವಾದ್ಲು. ಮಂದಿ ನಿಂತ ನೋಡಿದ್ರು."

ಅವನು ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡ.

"ಏನಂದ್ಲು ಗೊತ್ತೇನ್ರಿ? ನಾ ಬರದ ಕಾಗದದಾಗ ಒಂದ ಕೊಂಬ ಬಿಟ್ಟಿಲ್ಲ ಅವರು, ಒಂದ ಒತ್ತ ಬಿಟ್ಟಿಲ್ಲ. ಅಮಾಸಿ ಬಿಡ್ತಾರೇನು? ತಪ್ಪಿಲ್ಲ ಅಂತ ಬರದಾರ. ತಪ್ಪಿಲ್ಲ. ಅಂದ್ಲು, ಹ್ವಾದ್ಲು."

ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಪ್ರೆಸ್ಸಿನಲ್ಲಿ ಎಲ್ಲರೆದುರು ರೈತ ನಕ್ಕಾಗ, ಮಾಲಕರು ಮೇಜು ಬಿಡಿಸಿದಾಗ ಇಷ್ಟು ಸಂಕಟವಾಗಿರಲಿಲ್ಲ. ಆ ನಾಲ್ಕು ಪತ್ರಗಳಲ್ಲಿ ಅವಳು ಏನು ಬರೆದಿದ್ದಳು ಎಂದು ನೆನಪಿಸಿಕೊಳ್ಳಲು ನೋಡಿದೆ. ಒಂದು ಸಾಲಾದರೂ. ಬರಲಿಲ್ಲ.

ಗುರುಬಸವ್ವ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ತಲೆ ನೆರೆತಿದೆ. "ಬಂದ್ರೇನು" ಎಂದಳು, ನಾನು ಪೇಟೆಗೆ ಹೋಗಿ ಬಂದವನ ಹಾಗೆ.

"ತಪ್ಪ ನಂದು," ಎಂದೆ. "ಕಣ್ಣ ಓಡಿಸಿ ನೋಡಿದ್ನಿ. ಅಮಾಸಿ ಇವತ್ತ."

ಅವಳು ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. "ಇವತ್ತ ಅಂದ್ರ ಮತ್ತೊಮ್ಮಿ ಹೋಗೂಣು" ಎಂದು ಒಳಗೆ ಹೋಗಿ ಸೆರಗು ಸಿಗಿಸಿ, ಚರಗದ ಬುಟ್ಟಿ ಹೊತ್ತುಕೊಂಡು ಬಂದಳು. ತಂಬಿಗೆ ನನ್ನ ಕೈಗೆ ಕೊಟ್ಟಳು.

ದಾರಿಯಲ್ಲಿ, ಹಿಂದಿನ ದಿನ ನೀರು ಯಾರು ಹಾಕಿದರು ಎಂದು ಕೇಳಿದೆ.

"ನಾನ. ಒಂದ ಕೈಲೆ ಚರಗ, ಒಂದ ಕೈಲೆ ತಂಬಿಗಿ."

"ಓ ಅನ್ನಾಕ?"

"ಅದಕ್ಕೂ ನಾನ."

ಜೋಳ ಎದೆಯೆತ್ತರ ನಿಂತಿತ್ತು. ಅವಳು ಕೂಗುತ್ತ ಮುಂದೆ, ನಾನು ನೀರು ಹಾಕುತ್ತ ಹಿಂದೆ. ನನ್ನ ದನಿ ಮೊದಲು ಹೊರಬೀಳಲಿಲ್ಲ. ಅವಳು ತಿರುಗಿ ನೋಡದೆಯೇ, ಮುಂದಿನ ಹೆಜ್ಜೆ ಇಡದೆ ನಿಂತು ಕಾದಳು. ಓ ಎಂದೆ. ಹೊರಟಳು. ನಾಲ್ಕೂ ಬದು ಸುತ್ತಿದೆವು. ನನಗೆ ಅವಸರವಿರಲಿಲ್ಲ.

ರಾತ್ರಿ ಅಲ್ಲಿಯೇ ಉಳಿದೆ. ಬಸಲಿಂಗಯ್ಯನ ಹೆಂಡತಿ ಇನ್ನೂ ಹಾಸಿಗೆಯಲ್ಲೇ ಇದ್ದಾಳೆ. ಮಕ್ಕಳು ಗುರುಬಸವ್ವನನ್ನೇ ಅವ್ವ ಎನ್ನುತ್ತವೆ. ಬಾ ಎಂದು ನಾನು ಕರೆಯಲಿಲ್ಲ, ಬರುತ್ತೇನೆ ಎಂದು ಅವಳೂ ಹೇಳಲಿಲ್ಲ. ಪ್ರೂಫಿನ ಕೆಲಸ ಹೋಯಿತು ಎಂದು ಹೇಳಿದೆ. "ಹಾಳಿ ಮಡಚೂ ಮುಂದಾದ್ರೂ ಕಣ್ಣ ತಣ್ಣಗಿರ್ತಾವ" ಎಂದಳು.

ಕ್ಯಾಲೆಂಡರ್ ಅಡುಗೆಮನೆಯ ಗೋಡೆಯ ಮೇಲಿತ್ತು. ತಿದ್ದಲೆಂದೇ ಹೋದವನು, ತಿದ್ದುವುದು ಮರೆತೇಹೋಯಿತು. ಪೆನ್ನು ಕಿಸೆಯಲ್ಲಿದೆ ಎಂಬುದು ಈಗ ಬರೆಯಲು ತೆಗೆದಾಗ ನೆನಪಾಯಿತು. ಅದಕ್ಕೇ ಈ ಪುಟವೆಲ್ಲ ಕೆಂಪು ಶಾಯಿ.

ಇವತ್ತು ಬೆಳಿಗ್ಗೆ ಊರ ಅಗಸಿ ಬಾಗಿಲವರೆಗೆ ಬಂದಳು. ಚಕ್ಕಡಿ ಕಟ್ಟುವಾಗ, "ಆ ಕ್ಯಾಲೆಂಡರದಾಗ ಎಳ್ಳಮಾಸಿ ಇನ್ನೊಂದ ಐತಿ" ಎಂದಳು. "ಈ ವರ್ಷ ಎರಡ ಬಂದಾವ. ಡಿಸೆಂಬರ ಇಪ್ಪತ್ತಮೂರಕ್ಕ ಅಂತ ಬರದೈತಿ. ಅದಾದ್ರೂ ಖರೇ ಐತಿಲ್ಲೊ?"

ಇದೆ ಎನ್ನಲು ಬಾಯಿ ತೆರೆದೆ. "ಗೊತ್ತಿಲ್ಲ" ಎಂದೆ. "ಆ ಹಾಳೀನೂ ಹಂಗ ಓಡಿಸೇನಿ. ಬಸಲಿಂಗಯ್ಯನ್ನ ಕೇಳು."

"ಅವನ್ನ ಕೇಳಾಂಗಿದ್ರ ಮೊನ್ನೇನ ಕೇಳತಿದ್ನಿ. ನೀವ ನೋಡ್ರಿ. ಕುಂತ, ಸಾವಕಾಶ ನೋಡ್ರಿ. ನೋಡಿ ಬಂದ ಹೇಳ್ರಿ."

"ಡಿಸೆಂಬರಕ್ಕ?"

ಅವಳು ಚಕ್ಕಡಿಯ ಗೂಟಕ್ಕೆ ಕೈಯಿಟ್ಟು ನನ್ನ ಮುಖ ನೋಡಿದಳು. "ಒಂದ ಹಾಳಿ ನೋಡಾಕ ಅಷ್ಟ ದಿನ ಬೇಕೇನ್ರಿ ನಿಮಗ?"

ಮೋಟಾರು ಇನ್ನೂ ಬಂದಿಲ್ಲ. ಇವತ್ತು ಶುಕ್ರವಾರ. ನಾಡಿದ್ದು ರವಿವಾರ, ಪ್ರೆಸ್ಸಿಗೆ ರಜೆ.